ಆಲ್ಬನಿಯ ಯುದ್ಧನೌಕೆ ನೋಡಲು ಹೋಗುವವರು ಮೊದಲು ಕ್ಯಾಲೆಂಡರ್ ನೋಡಿ

ಈಗ ಮ್ಯೂಸಿಯಂ ಆಗಿರುವ ಯುಎಸ್‌ಎಸ್ ಸ್ಲೇಟರ್ ಅನ್ನುವ ಒಂದೇ ಹಡಗು ನೋಡಲು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಎರಡು ಸಲ ಹೋಗಿ ಬಂದವರು ನಾವು. ಮೊದಲ ಸಲ ಕ್ರಿಸ್‌ಮಸ್ ರಜೆ. ಹಾಸನದಿಂದ ಬಂದಿದ್ದ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಮೂರು ಗಂಟೆ ಕಾರು ಓಡಿಸಿದೆ. ಹಡ್ಸನ್ ನದಿ ದಡಕ್ಕೆ ಬಂದು ನೋಡಿದರೆ ಹಡಗೇ ಇಲ್ಲ! ಖಾಲಿ ಕಟ್ಟೆ, ಮುಖ ಕೊರೆಯುವ ಗಾಳಿ. "ಎಲ್ಲೋ ನಿನ್ನ ಹಡಗು?" ಅಂದರು ಅಪ್ಪ.

ಅದು ಆಚೆ ದಡದಲ್ಲಿತ್ತು. ಚಳಿಗಾಲದಲ್ಲಿ ಮಂಜುಗಡ್ಡೆ ಹೊಡೆಯುತ್ತದೆ ಅಂತ ಪ್ರತಿ ವರ್ಷ ಅದನ್ನು ಎದುರಿನ ರೆನ್ಸೆಲರ್ ಕಡೆಗೆ ಎಳೆದುಕೊಂಡು ಹೋಗಿ ಕಟ್ಟುತ್ತಾರೆ. ಜನರನ್ನು ಒಳಗೆ ಬಿಡುವುದು ಏಪ್ರಿಲ್‌ನಿಂದ ನವೆಂಬರ್ ತನಕ ಮಾತ್ರ. ನೋಡಿಕೊಳ್ಳದೆ ಹೊರಟಿದ್ದು ನನ್ನದೇ ತಪ್ಪು.

ಎರಡನೇ ಸಲ ಮೇ ತಿಂಗಳು, ರೈಲಿನಲ್ಲಿ. ನ್ಯೂಯಾರ್ಕಿನಿಂದ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ದಾರಿಯುದ್ದಕ್ಕೂ ನದಿ ಕಾಣುತ್ತದೆ. ಆದರೆ ಇಳಿಯುವ ಸ್ಟೇಷನ್ ಆಲ್ಬನಿಯಲ್ಲಿಲ್ಲ, ಅದೇ ರೆನ್ಸೆಲರ್‌ನಲ್ಲಿದೆ. ಸೇತುವೆ ದಾಟಲು ಟ್ಯಾಕ್ಸಿ ಬೇಕು.

ನಾವು ಆರಿಸಿಕೊಂಡ ವಾರಾಂತ್ಯವೇ ಅಮ್ಮಂದಿರ ದಿನ, ಊರಲ್ಲಿ ಟ್ಯೂಲಿಪ್ ಹಬ್ಬ. ರೂಮಿಗೆ ರಾತ್ರಿಗೆ 240 ಡಾಲರ್! ಅಷ್ಟು ಕೊಟ್ಟರೂ ಕಿಟಕಿ ತೆರೆದರೆ ಎದುರಿಗೆ ಗೋಡೆ, ರಾತ್ರಿಯೆಲ್ಲ ಏಸಿಯ ಗೊರಗೊರ. ಒಂದು ಗಂಟೆ ಮೊದಲೇ ಬಂದಿದ್ದಕ್ಕೆ ಕೌಂಟರಿನಲ್ಲಿ ಇನ್ನೂ 40 ಡಾಲರ್ ಕೇಳಿದರು. ಅಪ್ಪನ ಮಂಡಿ ನೋವು ನೋಡಿ ಸುಮ್ನೆ ಕೊಟ್ಟೆ. ಈಗಲೂ ಹೊಟ್ಟೆ ಉರಿಯುತ್ತದೆ. ಹೂವು ನೋಡುವ ಆಸೆ ಇಲ್ಲದಿದ್ದರೆ ಆ ವಾರ ಬಿಟ್ಟು ಬೇರೆ ವಾರ ಹೋಗಿ. ನನಗಂತೂ ಜನಜಂಗುಳಿ ಅಂದರೆ ಆಗದು.

ಇನ್ನು ಸ್ಲೇಟರ್ ವಿಷಯ. ಡೆಸ್ಟ್ರಾಯರ್ ಎಸ್ಕಾರ್ಟ್ ಅನ್ನುವ ಜಾತಿಯದು. ಎರಡನೇ ಮಹಾಯುದ್ಧದಲ್ಲಿ ಸರಕು ಹಡಗುಗಳ ಜೊತೆಗೆ ಕಾವಲು ಹೋಗಿ ಸಬ್‌ಮರೀನ್ ಬೇಟೆಯಾಡಲು ಅಮೆರಿಕ ಇಂಥವನ್ನು 563 ಕಟ್ಟಿತು. ಆ ದೇಶದಲ್ಲಿ ಇನ್ನೂ ನೀರಿನ ಮೇಲೆ ತೇಲುತ್ತಿರುವುದು ಇದೊಂದೇ. ಉಳಿದುಕೊಂಡಿದ್ದೂ ಗ್ರೀಸ್ ದೇಶದ ಪುಣ್ಯದಿಂದ. 1951ರಲ್ಲಿ ಅವರಿಗೆ ಕೊಟ್ಟರು, ಅವರು 'ಏಟೊಸ್' ಅಂತ ಹೆಸರು ಬದಲಿಸಿ 40 ವರ್ಷ ದುಡಿಸಿಕೊಂಡರು.

ಇಷ್ಟು ದೊಡ್ಡ ಹಡಗಿಗೆ ಯಾರೋ ಅಡ್ಮಿರಲ್ ಹೆಸರಿರಬೇಕು ಅಂದುಕೊಂಡಿದ್ದೆ. ಅಲ್ಲ. ಫ್ರಾಂಕ್ ಸ್ಲೇಟರ್ ಅಲಬಾಮಾದ ಒಬ್ಬ ಸಾದಾ ನಾವಿಕ. 1942ರ ನವೆಂಬರ್ 12ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಹತ್ತಿರ ಜಪಾನಿನ ವಿಮಾನವೊಂದು ಅವನಿದ್ದ ಹಡಗಿನ ಮೇಲೇ ನುಗ್ಗಿ ಬಂತು. ಅವನು ಗನ್ ಬಿಟ್ಟು ಓಡಲಿಲ್ಲ, ಅಲ್ಲೇ ಸತ್ತ. ಸತ್ತ ಮೇಲೆ ನೇವಿ ಕ್ರಾಸ್ ಅನ್ನುವ ಶೌರ್ಯ ಪದಕ ಬಂತು. 1944ರ ಫೆಬ್ರವರಿಯಲ್ಲಿ ಫ್ಲೋರಿಡಾದ ಟಾಂಪಾದಲ್ಲಿ ಈ ನೌಕೆಯನ್ನು ನೀರಿಗಿಳಿಸಿದ್ದು ಅವನ ತಾಯಿಯ ಕೈಯಿಂದಲೇ. ಇದನ್ನು ಕೇಳಿ ಅಮ್ಮ ರೇಲಿಂಗ್ ಹಿಡಿದು ನಿಂತುಬಿಟ್ಟರು. "ಪಾಪ, ಮಗನ ಹೆಸರನ್ನ ಕಬ್ಬಿಣದ ಮೇಲೆ ಓದೋ ಹಾಗಾಯ್ತಲ್ಲ."

ಡೆಸ್ಟ್ರಾಯರ್ ಎಸ್ಕಾರ್ಟ್ ಜಾತಿಯ ಇನ್ನೊಂದು ನೌಕೆ ಮೇಸನ್‌ಗೆ ಇಟ್ಟಿದ್ದು ಒಬ್ಬ ಕಿರಿಯ ಅಧಿಕಾರಿಯ ಹೆಸರು. ಎನ್‌ಸೈನ್ ನ್ಯೂಟನ್ ಮೇಸನ್ ಪೈಲಟ್, 1942ರ ಮೇನಲ್ಲಿ ಕೋರಲ್ ಸಮುದ್ರದ ಕಾಳಗದಲ್ಲಿ ತೀರಿಕೊಂಡವರು. ಆ ನೌಕೆಯ ನಾವಿಕರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ನರು. ಅವರನ್ನು ಹೆಚ್ಚಾಗಿ ಅಡುಗೆ, ಬಡಿಸುವ ಕೆಲಸಕ್ಕೇ ಇಟ್ಟುಕೊಳ್ಳುತ್ತಿದ್ದ ಕಾಲ ಅದು. 1947ರಲ್ಲಿ ಅದು ಗುಜರಿಗೆ ಹೋಯಿತು.

ಸ್ಲೇಟರ್‌ ಮೈಗೆ ಬೂದು, ಕಪ್ಪು ಓರೆಕೋರೆ ಪಟ್ಟೆ ಬಳಿದಿದ್ದಾರೆ. ಅಡಗಿಸಲಿಕ್ಕಲ್ಲ, ಯಾವ ದಿಕ್ಕಿಗೆ ಹೋಗುತ್ತಿದೆ ಅಂತ ಶತ್ರುವಿಗೆ ಗೊಂದಲ ಆಗಲಿ ಅಂತ. ಮುಂಭಾಗದಲ್ಲಿ ಮುಳ್ಳುಹಂದಿ ಬೆನ್ನಿನ ಥರ 24 ಬಾಂಬು ನೆಟ್ಟ ಯಂತ್ರವಿದೆ, ಹೆಸರು ಹೆಜ್‌ಹಾಗ್. ಅದು ಹಾರಿಸುವ ಬಾಂಬು ಸಬ್‌ಮರೀನಿಗೆ ತಗುಲಿದರೆ ಮಾತ್ರ ಸಿಡಿಯುತ್ತದೆ, ಇಲ್ಲವಾದರೆ ಸದ್ದಿಲ್ಲದೆ ಮುಳುಗುತ್ತದೆ. ಕೆಳಗೆ ಮೂರು ಅಂತಸ್ತಿನ ಮಂಚಗಳು. 306 ಅಡಿ ಉದ್ದದ ಹಡಗಿನಲ್ಲಿ ಇನ್ನೂರಕ್ಕೂ ಜಾಸ್ತಿ ಜನ! ಅಪ್ಪ ಎರಡು ಮಂಚದ ನಡುವೆ ಗೇಣು ಹಾಕಿ ಅಳೆದರು. "ನಮ್ಮ ಸ್ಲೀಪರ್ ಬೋಗಿನೇ ವಾಸಿ ಕಣೋ."

ಒಬ್ಬೊಬ್ಬರೇ ಸುತ್ತುವ ಹಾಗಿಲ್ಲ, ಗೈಡ್ ಜೊತೆಗೇ ಹೋಗಬೇಕು, ಒಂದು ಗಂಟೆ ಹಿಡಿಯುತ್ತದೆ. ಏಣಿಗಳು ತೀರಾ ಕಡಿದು, ಹಿಮ್ಮುಖವಾಗಿ ಇಳಿಯಬೇಕು. ಅಮ್ಮ ಮೇಲೇ ಉಳಿದರು. ಸೀರೆ ಉಟ್ಟವರಿಗೆ, ಮಂಡಿ ನೋವಿನವರಿಗೆ ಕೆಳಗಿನ ಭಾಗ ಬೇಡ. ತಲೆ ಬಗ್ಗಿಸಿ ನಡೆಯಿರಿ, ನನ್ನ ಹಣೆಯ ಗುಬುಟು ವಾರ ಇತ್ತು.

ಇನ್ನು ಊಟ. ಸಸ್ಯಾಹಾರಿಗಳಿಗೆ ಅಮೆರಿಕದ ಸಣ್ಣ ಊರಲ್ಲಿ ಏನು ಸಿಗುತ್ತೆ ಅಂತ ಹೆದರಿದ್ದೆ. ಆಲ್ಬನಿ ಸುತ್ತಮುತ್ತ ಒಂದು ವಿಚಿತ್ರ ಪದ್ಧತಿ ಇದೆ: ಚೀಸ್ ತುಂಡು ಎಣ್ಣೆಯಲ್ಲಿ ಕರಿದ ಮೊಝರೆಲ್ಲಾ ಸ್ಟಿಕ್‌ಗೆ ಟೊಮ್ಯಾಟೊ ಸಾಸ್ ಬದಲು ರಾಸ್‌ಬೆರಿಯ ಸಿಹಿ ಮೆಲ್ಬಾ ಸಾಸ್ ಕೊಡುತ್ತಾರೆ. ಮೂಲೆಯ ಒಂದು ಹಳೇ ಬಾರಿನಲ್ಲಿ ಆರು ತುಂಡಿಗೆ 8 ಡಾಲರ್. ಹೊರಗೆ ಗರಿಗರಿ, ಒಳಗೆ ದಾರದ ಥರ ಎಳೆಯುವ ಬಿಸಿ ಚೀಸ್, ಮೇಲೆ ಹುಳಿ-ಸಿಹಿ. ಮೂರು ಪ್ಲೇಟ್ ಆಯಿತು. "ಬೋಂಡಾನ ಬೆಲ್ಲದ ಪಾಕದಲ್ಲಿ ಅದ್ದಿದ ಹಾಗಿದೆ, ಆದರೆ ಚೆನ್ನಾಗಿದೆ" ಅಂದರು ಅಮ್ಮ. ಮಾರನೇ ದಿನವೂ ಅಲ್ಲಿಗೇ ಹೋದೆವು.

ಉಳಿದ ಸಾಸನ್ನು ಅಮ್ಮ ಡಬ್ಬಿಗೆ ಹಾಕಿಸಿಕೊಂಡರು. ಮನೆಗೆ ಬಂದ ಸಂಜೆ ಬಾಳೆಕಾಯಿ ಬಜ್ಜಿ ಜೊತೆ ಖಾಲಿಯಾಯಿತು.