ತಂಗಿ ಮಗಳಿಗೆ ಕಲ್ಲಿದ್ದಲು ಗಣಿ ಕೆಲಸ

ಬಳ್ಳಾರಿ, 19 ಮೇ 2024, ಭಾನುವಾರ

ನಮ್ಮೂರಲ್ಲಿ ಮೈನಿಂಗ್ ಇಂಜಿನಿಯರ್ ಅಂದರೆ ಜನರಿಗೆ ನೆನಪಾಗುವುದು ಸಂಡೂರಿನ ಕೆಂಪು ಧೂಳು, ಟಿಪ್ಪರ್ ಸಾಲು. ನಾನು ನೆಲದೊಳಗಿನ ಕಲ್ಲಿದ್ದಲು ಗಣಿಯಲ್ಲಿ ನೌಕರಿ ಮುಗಿಸಿ ಬಂದವನು. ಆದರೂ "ಅದಿರು ದಿನಕ್ಕೆ ಎಷ್ಟು ಲೋಡ್ ಹೋಗ್ತಿತ್ರೀ ಸರ್?" ಅಂತಲೇ ಕೇಳುತ್ತಾರೆ. ಕುಡತಿನಿ ಥರ್ಮಲ್ ವಿದ್ಯುತ್ ಸ್ಥಾವರಕ್ಕೆ ರೈಲಲ್ಲಿ ಕಲ್ಲಿದ್ದಲು ಬರುತ್ತಲ್ಲ, ಅದು ನಮ್ಮ ಮಾಲು ಅಂದು ಸುಮ್ಮನಾಗುತ್ತೇನೆ.

ಇವತ್ತು ತಂಗಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಮೈನಿಂಗ್ ಓದಿದ್ದಾಳೆ, ಅಂಡರ್‌ಗ್ರೌಂಡ್ ಗಣಿಯಲ್ಲೇ ಕೆಲಸ ಸಿಕ್ಕಿದೆ. ಮೊದಲೆಲ್ಲ 1952ರ ಗಣಿ ಕಾಯ್ದೆ ಅಡ್ಡ ಬರುತ್ತಿತ್ತು, ಹೆಣ್ಣುಮಕ್ಕಳನ್ನು ಕೆಳಗಿನ ಕೆಲಸಕ್ಕೆ ಹಾಕುವಂತಿರಲಿಲ್ಲ. 2019ರಲ್ಲಿ ಸಡಿಲ ಮಾಡಿದರು. ಲಿಖಿತ ಒಪ್ಪಿಗೆ ಕೊಟ್ಟರೆ ಟೆಕ್ನಿಕಲ್, ಸೂಪರ್‌ವೈಸರ್, ಮ್ಯಾನೇಜರ್ ಕೆಲಸಕ್ಕೆ ಬೆಳಗ್ಗೆ 6ರಿಂದ ಸಂಜೆ 7ರೊಳಗೆ ಇಳಿಯಬಹುದು ಅಂತ ಆಗ ಆಯಿತು. ತಂಗಿಗೆ ಸುತರಾಂ ಇಷ್ಟವಿಲ್ಲ. "ನೀನೇ ಬುದ್ಧಿ ಹೇಳಣ್ಣ" ಅಂದಳು. ಹೋಗು ಅನ್ನುವವನ ಹತ್ತಿರವೇ ಕರೆತಂದಿದ್ದಾಳೆ, ಪಾಪ!

"ಮಾಮ, ದಿನಾ ಏನ್ ಕೆಲಸ ಇರುತ್ತೆ?"

ಕಲ್ಲಿದ್ದಲು ಆಮೇಲೆ, ಮೊದಲು ಗಾಳಿ ನೋಡು ಅಂದೆ. ಕಲ್ಲಿದ್ದಲಿನಿಂದ ಹೊಮ್ಮುವ ಮೀಥೇನ್ ಗ್ಯಾಸ್ ಗಾಳಿಯಲ್ಲಿ ಶೇ. 1.25 ದಾಟಿತೋ, ಕರೆಂಟ್ ತೆಗೆಸಿ ಜನರನ್ನು ಹೊರಗೆ ಕಳಿಸಲೇಬೇಕು. 5ರಿಂದ 15ರ ನಡುವೆ ಬಂದರೆ ಸಿಡಿಯಲು ಒಂದು ಕಿಡಿ ಸಾಕು. ಟಾರ್ಗೆಟ್ ಆಗಿಲ್ಲ ಅಂತ ಮೇಲಿನಿಂದ ಫೋನ್‌ನಲ್ಲಿ ಕೂಗಾಡುತ್ತಾರೆ. ಕೂಗಾಡಲಿ. ನಮ್ಮ ಕಾಲದಲ್ಲಿ ಸೇಫ್ಟಿ ಲ್ಯಾಂಪ್ ಇತ್ತು, ಉರಿ ಹೊರಗಿನ ಗ್ಯಾಸ್‌ಗೆ ತಾಗದಂತೆ ಜಾಲರಿ ಹಾಕಿದ ದೀಪ. ಬತ್ತಿ ಸಣ್ಣದು ಮಾಡಿ ರೂಫ್, ಅಂದರೆ ತಲೆ ಮೇಲಿನ ಬಂಡೆಯ ಹತ್ತಿರ ಮೆಲ್ಲಗೆ ಎತ್ತಿ ಹಿಡಿಯಬೇಕು. ಗ್ಯಾಸ್ ಇದ್ದರೆ ಉರಿಯ ಮೇಲೆ ತೆಳ್ಳಗೆ ನೀಲಿ ಟೋಪಿ ಏಳುತ್ತದೆ. ಗ್ಯಾಸ್ ಹೆಚ್ಚಿದಷ್ಟೂ ಟೋಪಿ ಎತ್ತರ. ಈಗ ಮೀಟರ್ ಬಂದಿದೆ, ಅಂಕಿ ಓದಿದರಾಯಿತು.

ಆಮೇಲೆ ರೂಫ್. ಕೋಲಿನಿಂದ ತಟ್ಟಿದಾಗ ಠಣ್ ಅಂದರೆ ಗಟ್ಟಿ. ಬೊದ್ ಅಂದರೆ ಪದರ ಬಿಟ್ಟಿದೆ, ಹಿಂದೆ ಸರಿ. ಡಿಪಿಲ್ಲರಿಂಗ್‌ನಲ್ಲಂತೂ ಆಧಾರಕ್ಕೆ ಬಿಟ್ಟ ಕಲ್ಲಿದ್ದಲಿನ ಕಂಬಗಳನ್ನೇ ತೆಗೆಯುತ್ತಾ ವಾಪಸ್ ಬರಬೇಕು. ಖಾಲಿಯಾದ ಜಾಗಕ್ಕೆ ಗೋಫ್ ಅಂತೀವಿ. ಅದು ಆಗಾಗ ಕುಸಿಯುತ್ತಿದ್ದರೆ ಒಳ್ಳೆಯದು, ಕುಸಿಯದೆ ನಿಂತರೇ ಭಯ, ಒಮ್ಮೆಲೇ ಬಿದ್ದೀತು ಅಂತ. ರೂಫಿಗೆ ಆಧಾರ ಕೊಡುವ ಮರದ ಪ್ರಾಪ್ ಬೀಳುವ ಮೊದಲು ಚಟಚಟ ಅನ್ನುತ್ತಿತ್ತು. ಹಳೇ ಸರ್ದಾರ್‌ಗಳಿಗೆ, ಅಂದರೆ ಕೆಳಗೆ ಕೆಲಸಗಾರರನ್ನು ನೋಡಿಕೊಳ್ಳುವ ಮೇಸ್ತ್ರಿಗಳಿಗೆ, ಕಬ್ಬಿಣಕ್ಕಿಂತ ಅದರ ಮೇಲೇ ಜಾಸ್ತಿ ನಂಬಿಕೆ. ಮೊದಲ ವರ್ಷ ಡಿಗ್ರಿ ಪಕ್ಕಕ್ಕಿಟ್ಟು ಅಂಥ ಒಬ್ಬ ಸರ್ದಾರ್ ಹಿಂದೆ ತಿರುಗು ಅಂದೆ. ಗಣಿ ಮ್ಯಾನೇಜರ್ ಆಗಲು ಬರೆಯುವ ಫಸ್ಟ್ ಕ್ಲಾಸ್ ಪರೀಕ್ಷೆಗೆ ಪುಸ್ತಕ ಹೇಗೂ ಇದ್ದೇ ಇದೆ.

ಹಳೇ ಗಣಿಯಲ್ಲಿ ನಿಂತ ನೀರಿನ ವಿಷಯವನ್ನೂ ಹೇಳಿದೆ. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾದಲ್ಲಿ ಅಂಥ ನೀರು ನುಗ್ಗಿ 375 ಜನ ಸತ್ತರು. ಹೇಳುವಾಗ ನಾನು ತಂಗಿಯ ಮುಖ ನೋಡಲಿಲ್ಲ.

"ಇಲ್ಲೇ ದೋಣಿಮಲೈ ಕಡೆ ಸಿಗಲ್ವಾ?" ಅಂದಳು ತಂಗಿ. ಸಿಗಬಹುದು. ಆದರೆ ಅದು ಕಬ್ಬಿಣದ ಅದಿರಿನ ತೆರೆದ ಗಣಿ, ಬಯಲಿನ ಕೆಲಸ, ಮುಕ್ಕಾಲು ಪಾಲು ಮಷಿನ್ ಲೆಕ್ಕ. ನನಗಂತೂ ರುಚಿಸಲ್ಲ.

ಊಟ ಆದ ಮೇಲೆ ತಂಗಿ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಕೆಳಗೆ ಹೆಣ್ಣುಮಕ್ಕಳಿಗೆ ಪಾಯಖಾನೆ ಇರುತ್ತಾ?" ಇಡೀ ದಿನದಲ್ಲಿ ಕೇಳಿದ ಸರಿಯಾದ ಪ್ರಶ್ನೆ ಇದೇ. ನಾಳೆ ಕಂಪನಿಗೆ ಫೋನ್ ಮಾಡಿ ಕೇಳು, ಉತ್ತರ ಬರೆದು ಕಳಿಸಲು ಹೇಳು ಅಂತ ಹುಡುಗಿಗೆ ಹೇಳಿದ್ದೇನೆ.