ಆನೆ ಯಾರದ್ದು?

ಸಾಗರದ ಮಾರಿಜಾತ್ರೆಯಲ್ಲಿ ಎಂಟುನೂರು ರೂಪಾಯಿ ಕೊಟ್ಟು ಒಂದು ಆನೆ ಕೊಂಡೆ. ತಾಮ್ರದ ನಾಣ್ಯದ ಮೇಲಿನದ್ದು, ಹಳೆಯ ಎಂಟಾಣೆಯಷ್ಟು ಅಗಲ. ಗೋಣಿಚೀಲ ಹಾಸಿ, ತುಕ್ಕು ಹಿಡಿದ ಬೀಗ, ಲಾಟೀನುಗಳ ನಡುವೆ ನಾಣ್ಯ ಹರಡಿಕೊಂಡು ಕೂತಿದ್ದವನು “ಟಿಪ್ಪು ಕಾಸು ಸ್ವಾಮಿ, ನಮ್ಮ ನಗರದ ಟಂಕಸಾಲೆಯದ್ದು” ಎಂದ. ಹೊಸನಗರದ ಆಚೆಗಿರುವ ನಗರದ ಹೆಸರು ಕಿವಿಗೆ ಬಿದ್ದದ್ದೇ ತಡ, ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಬುದ್ಧಿ ರಜೆಯ ಮೇಲೆ ಹೋಯಿತು. ಚೌಕಾಸಿ ಕೂಡ ಮಾಡಲಿಲ್ಲ.

ಮನೆಗೆ ಬಂದು ಇನ್ನೂ ದೊಡ್ಡ ತಪ್ಪು ಮಾಡಿದೆ. ಕಪ್ಪಗಿದೆಯಲ್ಲ ಎಂದು ಹುಣಸೆಹಣ್ಣು, ಉಪ್ಪು ಹಾಕಿ ದೇವರ ತಂಬಿಗೆ ಉಜ್ಜುವಂತೆ ಉಜ್ಜಿದೆ. ಆನೆ ಕೆಂಪಗೆ ಹೊಳೆಯಿತು. ಆ ರಾತ್ರಿ ಬಹಳ ಖುಷಿಯಲ್ಲಿದ್ದೆ.

ಅನುಮಾನ ಹುಟ್ಟಿದ್ದು ತಕ್ಕಡಿಯಿಂದ. ಟಿಪ್ಪುವಿನ ಒಂದು ಪೈಸೆ ಸುಮಾರು ಹನ್ನೊಂದು ಗ್ರಾಂ ತೂಗುತ್ತದೆ. ನನ್ನದು ಒಂಬತ್ತನ್ನೂ ಮುಟ್ಟಲಿಲ್ಲ. ಸವೆದಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಎರಡು ಗ್ರಾಂ ಸವೆಯುವಷ್ಟು ಹೊತ್ತಿಗೆ ಆನೆ ಉಳಿದಿರುತ್ತದೆಯೇ? ಹಿಂಬದಿಯಂತೂ ಬೋಳು. ಟಿಪ್ಪುವಿನದ್ದಾಗಿದ್ದರೆ ಅಲ್ಲಿ ಪಾರಸಿಯಲ್ಲಿ ಟಂಕಸಾಲೆಯ ಹೆಸರು ಇರಬೇಕಿತ್ತು. 1787ರಿಂದ ಅವನು ಮೌಲೂದಿ ಎಂಬ ಹೊಸ ವರ್ಷಗಣನೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅದು ಸಿಕ್ಕಿದ್ದರೆ ಕೆಲಸ ಸುಲಭವಿತ್ತು. ನನ್ನದರಲ್ಲಿ ಅಂಕಿಯ ಸುಳಿವೇ ಇಲ್ಲ.

ಕೊನೆಗೆ ದೀಪ ಆರಿಸಿ, ಟಾರ್ಚನ್ನು ನಾಣ್ಯದ ಮಗ್ಗುಲಿಗೆ ಹಿಡಿದೆ. ಬೆಳಕು ಮೇಲಿನಿಂದ ಬಿದ್ದರೆ ಕಾಣದ್ದು ಅಡ್ಡ ಬಿದ್ದಾಗ ನೆರಳಾಗಿ ಏಳುತ್ತದೆ. ಆನೆಯ ಬೆನ್ನಿನ ಮೇಲೆ ಒಂದು ಕಡೆ ದುಂಡನೆಯ ಉಬ್ಬು, ಇನ್ನೊಂದು ಕಡೆ ಬಾಗಿದ ಗೆರೆ. ಸೂರ್ಯ, ಚಂದ್ರ. ನಡುವೆ ಮಸೂರ ಇಟ್ಟು ನೋಡಿದರೆ ಒಂದು ಸುರುಳಿ, ಅದರ ಕೆಳಗೆ ಒತ್ತು. ‘ಶ್ರೀ’. ಕನ್ನಡದ ಶ್ರೀ! 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದಲ್ಲೂ ಆನೆ ಮುಂದುವರಿಯಿತು. ಹಿಂಬದಿ ಸವೆಯದಿದ್ದರೆ ‘ಮಯಿಲಿ ಕಾಸು’ ಎಂಬ ಅದರ ಹೆಸರನ್ನು ಕನ್ನಡದಲ್ಲೇ ಓದಬಹುದಿತ್ತೇನೋ. ಮೋಸ ಹೋದದ್ದಕ್ಕೆ ಬೇಸರವಾಗಬೇಕಿತ್ತು. ನಾನು ಮಾತ್ರ ಮನೆಯವರನ್ನೆಲ್ಲ ಎಬ್ಬಿಸಿ ಆ ಶ್ರೀಯನ್ನು ತೋರಿಸಿದೆ.

ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಹಿರಿಯ ವ್ಯಾಪಾರಿಯೊಬ್ಬರಿಗೆ ಅದನ್ನು ಕೊಟ್ಟೆ. ಅವರು ಆನೆಯನ್ನು ನೋಡುವ ಮೊದಲೇ ಕೇಳಿದರು, “ಮೇಷ್ಟ್ರೇ, ತೊಳೆದಿರಾ?”

ತಾಮ್ರ ನೂರಾರು ವರ್ಷ ಮೈಗೂಡಿಸಿಕೊಂಡ ಕಂದುಬಣ್ಣವೇ ಅದರ ಚರ್ಮವಂತೆ. ನಾನು ಸುಲಿದಿದ್ದೆ. ನಾಣ್ಯದ ಸ್ಥಿತಿ ಅಳೆಯುವ ದರ್ಜೆಯ ಏಣಿಯಲ್ಲಿ ‘ಗುಡ್’ ಎಂದರೆ ಚೆನ್ನಾಗಿದೆ ಎಂದಲ್ಲ, ಹೆಚ್ಚುಕಡಿಮೆ ತಳದ ಮೆಟ್ಟಿಲು ಎಂಬುದೂ ಅಲ್ಲೇ ತಿಳಿಯಿತು. ಅದರ ಮೇಲೆ ‘ಫೈನ್’, ‘ವೆರಿ ಫೈನ್’, ಹೀಗೆ ಏರಿ, ಚಲಾವಣೆಯನ್ನೇ ಕಾಣದ ನಾಣ್ಯದವರೆಗೆ. ನನ್ನ ಆನೆಗೆ ಅವರು ಹೇಳಿದ ಬೆಲೆ ಇನ್ನೂರು, ಅದೂ ಮುಖ ನೋಡಿ.

ಅಜ್ಜಿಯ ವಿಕ್ಟೋರಿಯಾ ರೂಪಾಯಿಯನ್ನೂ ಒಯ್ದಿದ್ದೆ. 1862ರದ್ದು. ಆ ಇಸವಿಯನ್ನು ಬದಲಿಸದೆ 1874ರವರೆಗೂ ಅಚ್ಚು ಹಾಕಿದ್ದರಿಂದ ಅದೇನೂ ಅಪರೂಪವಲ್ಲ. ಸರಿಯಾದ ತೂಕ 11.66 ಗ್ರಾಂ, ನನ್ನದು 11.71. ಹೆಚ್ಚೇ ಇದೆಯಲ್ಲ ಎಂದು ಬೀಗಿದೆ. ಅವರು ಅಂಚನ್ನು ನನ್ನ ಕಡೆಗೆ ತಿರುಗಿಸಿದರು: ರಾಣಿಯ ಕಿರೀಟದ ನೇರಕ್ಕೆ ಸಾಸಿವೆ ಕಾಳಿನಷ್ಟು ಬೆಸುಗೆ. ಅಜ್ಜಿಯ ಸರದ ಕೊಂಡಿ ಇದ್ದ ಜಾಗ. ರಾಣಿಯ ಎದೆಯ ಕಸೂತಿಯೂ ಸವೆದು ನುಣ್ಣಗಾಗಿತ್ತು. “ಬೆಳ್ಳಿ ರೇಟಿಗೆ ತೆಗೆದುಕೊಳ್ಳುತ್ತೇನೆ” ಎಂದರು. ನಾನು ಕೊಡಲಿಲ್ಲ.

ಈಗ ಊರಿನಲ್ಲಿ ಯಾರ ಮನೆಯ ಡಬ್ಬಿ ತೆರೆದರೂ ನನ್ನನ್ನು ಕರೆಯುತ್ತಾರೆ. ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷಗಟ್ಟಲೆ ಬರುತ್ತದಂತೆ ಎನ್ನುವವರೇ ಹೆಚ್ಚು. ರಾಮ, ಸೀತೆ, ಹನುಮಂತರಿರುವ ‘1818ರ ಈಸ್ಟ್ ಇಂಡಿಯಾ ಕಂಪನಿ’ ಬಿಲ್ಲೆಯಂತೂ ಮೂರು ಮನೆಯಲ್ಲಿ ಸಿಕ್ಕಿತು. ಕಂಪನಿ ಅಂಥ ನಾಣ್ಯವನ್ನು ಅಚ್ಚು ಹಾಕಿದ್ದೇ ಇಲ್ಲ ಎಂದರೆ ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾರೆ. ಕಾಫಿ ಕುಡಿದು, “ದೇವರ ಮನೆಯಲ್ಲಿಡಿ, ತೊಳೆಯಬೇಡಿ” ಎಂದು ಎದ್ದು ಬರುತ್ತೇನೆ.

ಆನೆಯನ್ನು ರಟ್ಟಿನ ಚೌಕಟ್ಟಿಗೆ ಹಾಕಿಟ್ಟಿದ್ದೇನೆ. ಮೇಲೆ ಬರೆದಿರುವುದು ಇಷ್ಟು: ‘ಮುಮ್ಮಡಿ ಕೃಷ್ಣರಾಜ ಒಡೆಯರು. ತಾಮ್ರ. ಶ್ರೀ ಕಾಣುತ್ತದೆ. ರೂ. 800. ಹುಣಸೆಹಣ್ಣು.’