ಅಕ್ಕಿ ತೊಳೆಯಬೇಡಿ ಅಂದರು

ನಲ್ಲಿ ತಿರುಗಿಸಿ ಅಕ್ಕಿ ಪಾತ್ರೆ ಹಿಡಿದಿದ್ದೆ ಅಷ್ಟೇ, ಅಂಗಡಿಯ ಯಜಮಾನಿ ಓಡಿ ಬಂದು ನನ್ನ ಕೈ ಹಿಡಿದುಕೊಂಡರು. "ಬೇಡ, ಬೇಡ! ಇದನ್ನು ತೊಳೆಯಬಾರದು!" ಅಡುಗೆ ಕ್ಲಾಸಿಗೆ ಬಂದಿದ್ದ ಉಳಿದ ಹನ್ನೊಂದು ಜನರೂ ನನ್ನ ಕಡೆ ತಿರುಗಿದರು. ನಾನು ಹೊಸನಗರ ತಾಲ್ಲೂಕಿನ ಹುಡುಗಿ. ಅಕ್ಕಿಯನ್ನು ಮೂರು ಸಲ ತೊಳೆದು, ಅಕ್ಕಚ್ಚನ್ನು ಕೊಟ್ಟಿಗೆಯ ಹಸುವಿಗೆ ಇಟ್ಟು ಬೆಳೆದವಳು. ತೊಳೆಯದ ಅಕ್ಕಿ ಒಲೆ ಮೇಲೆ ಹೋಗಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಇಟಲಿಯ ಟ್ಯೂರಿನ್‌ಗೆ ಬಂದು ನಮಗೆ ನಾಲ್ಕು ವರ್ಷ ಆಯಿತು. ಇಲ್ಲಿಯವರು ಟೊರಿನೊ ಅನ್ನುತ್ತಾರೆ. ಇದು ಕಾರು ಕಾರ್ಖಾನೆಗಳ ಊರು, ನನ್ನ ಯಜಮಾನರಿಗೂ ಅದೇ ಕೆಲಸ. ಪೋರ್ತಾ ಪಲಾತ್ಸೊ ಅಂತ ಒಂದು ಭಾರೀ ಬಯಲು ಮಾರುಕಟ್ಟೆ ಇದೆ. ಶಿವಮೊಗ್ಗದ ಗಾಂಧಿ ಬಜಾರಿನ ಗಲಾಟೆ ನೆನಪಾದಾಗ ನಾನು ಅಲ್ಲಿಗೆ ಹೋಗುತ್ತೇನೆ. ಅಲ್ಲಿಂದ ಎರಡು ಬೀದಿ ಆಚೆ ಒಂದು ಚಿಕ್ಕ ಅಂಗಡಿ. ಚೀಸ್, ಆಲಿವ್ ಎಣ್ಣೆ, ಅಕ್ಕಿ, ಜೇನು, ಹಝಲ್‌ನಟ್, ಚಾಕೊಲೇಟ್, ಹೀಗೆ ಆಯ್ದು ತಂದ ಒಳ್ಳೊಳ್ಳೆಯ ತಿನಿಸು ಮಾತ್ರ ಅಲ್ಲಿ ಸಿಗುತ್ತದೆ. ವಾರದಲ್ಲಿ ಎರಡು ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು ಹಾಕುತ್ತಾರೆ. ಒಂದು ಸಂಜೆ ಅಡುಗೆ ಕ್ಲಾಸು, ಇನ್ನೊಂದು ಸಂಜೆ ರುಚಿ ನೋಡುವ ಕೂಟ. ದುಡ್ಡು ಕೊಟ್ಟು ಹೋಗಬೇಕು. ರುಚಿ ನೋಡೋದಕ್ಕೆ ಯಾರಾದರೂ ದುಡ್ಡು ಕೊಡುತ್ತಾರಾ ಅಂತ ಮೊದಲು ಅನಿಸಿತ್ತು. ಈಗ ತಿಂಗಳಿಗೆ ಒಂದಾದರೂ ತಪ್ಪಿಸುವುದಿಲ್ಲ.

ಆ ದಿನದ ಪಾಠ ರಿಸೊತ್ತೊ, ಇಟಲಿಯವರ ಒಂದು ಅಕ್ಕಿಯ ಅಡುಗೆ. ಅಕ್ಕಿ ಯಾಕೆ ತೊಳೆಯಬಾರದು ಅಂದರೆ, ಕಾಳಿನ ಮೈಮೇಲಿನ ಪಿಷ್ಟವೇ ಈ ಅಡುಗೆಯ ಜೀವ. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಅದಕ್ಕೆ ಅಕ್ಕಿ ಹಾಕಿ, ಕಾಳು ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಮಾಡಬೇಕು. ಬಣ್ಣ ಮಾತ್ರ ತಿರುಗಬಾರದು. ಆಮೇಲೆ ಸ್ವಲ್ಪ ವೈನ್. ಅದು ಆವಿಯಾದ ಮೇಲೆ ಕುದಿಯುತ್ತಿರುವ ತರಕಾರಿ ಸಾರನ್ನು ಸೌಟು ಸೌಟಾಗಿ ಹಾಕುತ್ತಾ ಕೈಯಾಡಿಸಬೇಕು. ತಣ್ಣಗಿನ ಸಾರು ಹಾಕಿದರೆ ಕೆಟ್ಟಿತು, ಬೇಯುವುದು ಅಲ್ಲಿಗೇ ನಿಂತುಬಿಡುತ್ತದೆ. ಹದಿನೇಳು ಹದಿನೆಂಟು ನಿಮಿಷ ಅಲ್ಲಿಂದ ಕದಲುವ ಹಾಗಿಲ್ಲ. ಕೊನೆಗೆ ಒಲೆಯಿಂದ ಇಳಿಸಿ, ತಣ್ಣನೆಯ ಬೆಣ್ಣೆ ಮತ್ತು ತುರಿದ ಚೀಸ್ ಹಾಕಿ ಜೋರಾಗಿ ಕಲಕಬೇಕು. ತಟ್ಟೆಗೆ ಬಡಿಸಿ ಅಲ್ಲಾಡಿಸಿದರೆ ಅದು ಅಲೆಯ ಹಾಗೆ ಹರಿಯಬೇಕು. ಮುದ್ದೆಯಾಗಿ ಕೂತರೆ ಹದ ತಪ್ಪಿತು ಅಂತ ಅರ್ಥ.

ನಾವು ಗಂಜಿ ಬಸಿಯುವವರು. ಇವರು ಗಂಜಿಯನ್ನು ಅನ್ನದೊಳಗೇ ಉಳಿಸಿಕೊಳ್ಳುವವರು. ಹೀಗೆ ಯೋಚಿಸಿದಾಗ ನನಗೆ ಎಲ್ಲ ತಿಳಿಯಾಯಿತು. ಬೆಂದಿದೆಯಾ ಅಂತ ನೋಡಲು ಅಮ್ಮ ಒಂದು ಅಗುಳನ್ನು ಬೆರಳಲ್ಲಿ ಹಿಚುಕುತ್ತಾಳೆ, ಈ ಯಜಮಾನಿ ಮುಂದಿನ ಹಲ್ಲಲ್ಲಿ ಕಚ್ಚುತ್ತಾರೆ. ಅಮ್ಮನಿಗೆ ಅಗುಳು ಪೂರ್ತಿ ನುಣ್ಣಗಾಗಬೇಕು. ಇವರಿಗೆ ನಡುವೆ ಸಾಸಿವೆಯಷ್ಟು ಗಟ್ಟಿ ಉಳಿಯಬೇಕು. ಆದರೆ ಇಬ್ಬರೂ ಒಲೆ ಮುಂದೆ ನಿಂತು ಅದೇ ಮುಖ ಮಾಡುತ್ತಾರೆ. ಸ್ವಲ್ಪ ಹುಬ್ಬು ಗಂಟಿಕ್ಕಿ, ಕಿವಿಗೊಟ್ಟ ಹಾಗೆ.

ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಯುರೋಪಿನಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವುದೇ ಇವರು. ಟ್ಯೂರಿನ್‌ನಿಂದ ಮಿಲಾನ್‌ಗೆ ಹೋಗುವ ಪ್ಯಾಸೆಂಜರ್ ರೈಲು ವೆರ್ಚೆಲ್ಲಿ ಅನ್ನುವ ಊರಿನ ಗದ್ದೆಬಯಲನ್ನು ದಾಟಿ ಹೋಗುತ್ತದೆ. ಮೇ ತಿಂಗಳಲ್ಲಿ ಕಿಟಕಿ ಪಕ್ಕ ಕೂತರೆ ಎರಡೂ ಕಡೆ ನೀರು ನಿಂತ ಗದ್ದೆ. ಅಂಚಿನ ಮೇಲೆ ಬೆಳ್ಳಕ್ಕಿ. ಹಿಂದೆ ಮಾತ್ರ ನಮ್ಮ ಕೊಡಚಾದ್ರಿ ಬದಲು ಹಿಮ ಹೊದ್ದ ಆಲ್ಪ್ಸ್. ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ಬಂದಿತ್ತು. ಹಿಂದೆಲ್ಲ ಈ ಗದ್ದೆಗಳ ನೆಟ್ಟಿ, ಕಳೆ ಕೆಲಸಕ್ಕೆ ಬೇರೆ ಜಿಲ್ಲೆಗಳಿಂದ ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರಂತೆ. ಅವರನ್ನು ಮೊಂದಿನೆ ಅಂತ ಕರೆಯುತ್ತಿದ್ದರು. ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತು ಹಾಡು ಹೇಳುತ್ತಾ ಕೆಲಸ ಮಾಡುತ್ತಿದ್ದರು. ಈಗ ಎಲ್ಲ ಯಂತ್ರ. ಅಂಗಡಿಯ ಗೋಡೆ ಮೇಲೆ ಅವರದೊಂದು ಹಳೆಯ ಫೋಟೋ ಇದೆ. ತಲೆ ಮೇಲೆ ಅಗಲ ಟೊಪ್ಪಿ ಇದ್ದ ಜಾಗದಲ್ಲಿ ಮಳೆಗೆ ಹೊದೆಯುವ ಗೊರಬು ಇಟ್ಟುಬಿಟ್ಟರೆ ಅವರು ನಮ್ಮ ಕೇರಿಯ ಹೆಂಗಸರೇ.

ಆ ಅಂಗಡಿಯಲ್ಲಿ ಅಕ್ಕಿ ಚೀಲದ ಮೇಲೆ ತಳಿಯ ಹೆಸರು, ಬೆಳೆದ ಊರು, ಕೊಯ್ದ ವರ್ಷ ಇರುತ್ತದೆ. ರಿಸೊತ್ತೊಗೆ ಎಲ್ಲರೂ ಮೆಚ್ಚುವ ಕಾರ್ನರೋಲಿ ತಳಿ 1945ರಲ್ಲಿ ಬಂದದ್ದು. ಅರ್ಬೋರಿಯೊ ಅನ್ನೋದು ವೆರ್ಚೆಲ್ಲಿ ಹತ್ತಿರದ ಒಂದು ಹಳ್ಳಿಯ ಹೆಸರು, ಅದೇ ಅಕ್ಕಿಗೂ ಬಂದಿದೆ. ಯಜಮಾನಿ ಇದನ್ನೆಲ್ಲ ಮನೆ ಮಕ್ಕಳ ಬಗ್ಗೆ ಹೇಳುವ ಹಾಗೆ ಹೇಳುತ್ತಾರೆ. ನಿಮ್ಮ ಊರಿನ ಅಕ್ಕಿಯ ಹೆಸರೇನು ಅಂತ ಕೇಳಿದರು. ಹೆಗ್ಗೆ ಅಂದೆ, ಜೋಳಗ ಅಂದೆ, ನೆರೆ ನಿಂತರೂ ತಾಳಿಕೊಳ್ಳುವ ನೆರೆಗುಳಿ ಅಂದೆ. ಅವುಗಳ ರುಚಿಯಲ್ಲಿ ಏನು ವ್ಯತ್ಯಾಸ ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು. ಆ ಪ್ರಶ್ನೆ ತುಂಬಾ ದಿನ ನನ್ನನ್ನು ಬಿಡಲಿಲ್ಲ.

ರುಚಿ ನೋಡುವ ಕೂಟದಲ್ಲಿ ನಾನು ಕಲಿತದ್ದು ಅದನ್ನೇ, ನಾಲಿಗೆಗೆ ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳೋದನ್ನು. ಆಲಿವ್ ಎಣ್ಣೆಯ ಸಂಜೆ ಪ್ರತಿಯೊಬ್ಬರ ಮುಂದೆ ಚಿಕ್ಕ ಚಿಕ್ಕ ನೀಲಿ ಗಾಜಿನ ಲೋಟಗಳು. ನೀಲಿ ಯಾಕೆಂದರೆ ಎಣ್ಣೆಯ ಬಣ್ಣ ಕಾಣಬಾರದು. ಹಸಿರಿದ್ದರೆ ಒಳ್ಳೆಯದು ಅಂತ ಕಣ್ಣು ಮೊದಲೇ ತೀರ್ಮಾನ ಮಾಡಿಬಿಡುತ್ತದೆ ಅಲ್ವಾ. ಲೋಟವನ್ನು ಒಂದು ಅಂಗೈಯಲ್ಲಿಟ್ಟು, ಇನ್ನೊಂದು ಕೈಯಿಂದ ಮುಚ್ಚಿ, ಎಣ್ಣೆ ಬೆಚ್ಚಗಾಗುವವರೆಗೆ ಕಾಯಬೇಕು. ಆಮೇಲೆ ಮೂಸಬೇಕು. ಆಮೇಲೆ ಬಿಸಿ ಸಾರು ಹೀರುವ ಹಾಗೆ ಸುರ್ ಅಂತ ಗಾಳಿ ಸಮೇತ ಎಳೆದುಕೊಳ್ಳಬೇಕು. ಲಿಗೂರಿಯಾದ ತಜ್ಜಾಸ್ಕ ಎಣ್ಣೆ ಮೆತ್ತಗೆ ಇಳಿಯಿತು. ಪುಲಿಯಾದ ಕೊರಾತೀನ ಗಂಟಲಿಗೆ ಹೋದದ್ದೇ ತಡ, ಕಾಳುಮೆಣಸಿನ ಕಷಾಯ ಕುಡಿದ ಹಾಗೆ ಕೆಮ್ಮು ಬಂತು. ಆ ಉರಿ ಎಣ್ಣೆಯ ದೋಷ ಅಲ್ಲ, ಗುಣ. ಅದಕ್ಕೆ ಕಾರಣವಾದ ವಸ್ತುವಿಗೆ ಒಲಿಯೊಕ್ಯಾಂಥಾಲ್ ಅಂತ ಹೆಸರು. ಅದು ನೋವಿಗೆ ಕೊಡುವ ಐಬುಪ್ರೊಫೇನ್ ಮಾತ್ರೆಯ ಹಾಗೆ ಕೆಲಸ ಮಾಡುತ್ತದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ.

ಕೊನೆಯ ಲೋಟದಲ್ಲಿ ಬೇಕೆಂದೇ ಕೆಟ್ಟ ಎಣ್ಣೆ ಇಟ್ಟಿದ್ದರು. ನಾನು ಬಾಯಿಗೂ ಹಾಕಲಿಲ್ಲ. ಕಮಟು ವಾಸನೆ, ಹಳೇ ಕೊಬ್ಬರಿ ಎಣ್ಣೆಯ ಡಬ್ಬದ್ದು. ಇಡೀ ಮೇಜಿನಲ್ಲಿ ಮೊದಲು ಹೇಳಿದವಳು ನಾನೇ. ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕಿ ತುಪ್ಪದ ಹದವನ್ನು ಮೂಗಿನಲ್ಲೇ ಹಿಡಿಯುವ ಅಮ್ಮನ ಮಗಳಲ್ಲವೇ!

ಚೀಸಿನ ಸಂಜೆಯದು ಒಂದೇ ಮಾತು ಹೇಳುತ್ತೇನೆ. ಪಾರ್ಮಿಜಾನೊ ರೆಜ್ಜಾನೊ ಚೀಸಿನ ಗಾಲಿಯಾಕಾರದ ಒಂದು ಗಡ್ಡೆಗೆ ಸುಮಾರು 550 ಲೀಟರ್ ಹಾಲು ಬೇಕು. ಕಡಿಮೆ ಅಂದರೂ 12 ತಿಂಗಳು ಮಾಗಿಸುತ್ತಾರೆ. ಒಳಗೆ ಬಿರುಕು ಬಿಟ್ಟಿದೆಯಾ ಅಂತ ಚಿಕ್ಕ ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಾರೆ, ನಾವು ಹಲಸಿನ ಹಣ್ಣು ಬಡಿದು ನೋಡುವ ಹಾಗೆ. ಅವತ್ತು ಸಾಗರದ ಕಡೆಯ ಒಬ್ಬ ಹುಡುಗಿ ನನ್ನ ಜೊತೆ ಬಂದಿದ್ದಳು, ಇಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಅವಳು ಮಾಂಸ ತಿನ್ನುವುದಿಲ್ಲ ಅಂತ ತಿಳಿದ ಕೂಡಲೇ ಯಜಮಾನಿ ತಟ್ಟೆ ಹಿಂದೆ ತೆಗೆದುಕೊಂಡರು. ಆ ಚೀಸಿನ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನು ಹೇಳಿ, ಅವಳಿಗೆ ಬೇರೆಯದನ್ನು ತಂದುಕೊಟ್ಟರು. ಹೇಳದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತಿನಿಂದ ಆ ಅಂಗಡಿಯ ಮೇಲೆ ನನಗೆ ನಂಬಿಕೆ ಇನ್ನೂ ಜಾಸ್ತಿ ಆಯಿತು.

ಕಳೆದ ಮಾರ್ಚ್‌ನಲ್ಲಿ ಊರಿಗೆ ಬಂದಿದ್ದೆ. ಬೆಂಗಳೂರಿನಿಂದ ಶಿವಮೊಗ್ಗ ಹತ್ತಿರದ ಸೋಗಾನೆಯ ಹೊಸ ವಿಮಾನ ನಿಲ್ದಾಣಕ್ಕೆ ಇಳಿದು, ಅಲ್ಲಿಂದ ಸೀದಾ ರಿಪ್ಪನ್‌ಪೇಟೆ ಹತ್ತಿರದ ದೊಡ್ಡಪ್ಪನ ಮನೆಗೆ. ಅದು ಮಾವಿನ ಮಿಡಿಯ ಕಾಲ. ನೀಲಿ ಲೋಟದ ಕಥೆಯನ್ನೆಲ್ಲ ಊಟದ ಹೊತ್ತಿಗೆ ಹೇಳಿದೆ. ದೊಡ್ಡಪ್ಪ ಸುಮ್ನೆ ಕೇಳಿಸಿಕೊಂಡರು. ಕೈ ತೊಳೆದು ಬಂದು, "ಎಣ್ಣೆಗೇ ಅಷ್ಟೆಲ್ಲ ಮಾಡ್ತಾರೆ ಅಂದ್ರೆ ನಮ್ಮ ಮಿಡಿ ಏನು ಪಾಪ ಮಾಡಿದೆ? ಬಾ ಇಲ್ಲಿ" ಅಂದರು.

ಜಗಲಿ ಮೇಲೆ ಬಾಳೆಎಲೆ ಹಾಸಿದರು. ಮೊದಲು ಅವತ್ತೇ ಕೊಯ್ದ ಹಸಿ ಮಿಡಿ. ಒಂದೊಂದರ ತೊಟ್ಟು ಮುರಿದು ನನ್ನ ಮೂಗಿನ ಹತ್ತಿರ ಹಿಡಿದರು. "ಸೊನೆ ಕಣ್ಣಿಗೆ ಹಾರೀತು, ದೂರ ಹಿಡಿ." ಒಂದರಲ್ಲಿ ಜೀರಿಗೆಯ ಪರಿಮಳ, ಆಗಷ್ಟೇ ಹುರಿದು ಪುಡಿ ಮಾಡಿದ ಹಾಗೆ. ಇನ್ನೊಂದರಲ್ಲಿ ಕರ್ಪೂರದ ತಂಪು. ಮೂರನೆಯದನ್ನು ಏನೆಂದು ಹೇಳಬೇಕೋ ತಿಳಿಯಲಿಲ್ಲ. ಮಳೆ ಬಿದ್ದ ಮೇಲೆ ಕಾಡಿನಲ್ಲಿ ಎಲೆ ಹಿಸುಕಿದ ಹಾಗೆ ಅಂದೆ. "ಹೂಂ, ಅದು ಹಳ್ಳದ ದಂಡೆ ಮರದ್ದು" ಅಂದರು, ನಾನು ಉತ್ತರ ಸರಿ ಹೇಳಿದವಳ ಹಾಗೆ.

ಆಮೇಲೆ ದೊಡ್ಡಮ್ಮ ಐದು ಭರಣಿ ಇಳಿಸಿದರು. ಎಲೆಯ ಮೇಲೆ ಐದು ಉಪ್ಪಿನಕಾಯಿ ಮಿಡಿ, ಒಂದು ಲೋಟ ಬಿಸಿ ಗಂಜಿ. ಟ್ಯೂರಿನ್‌ನ ಕೂಟದಲ್ಲಿ ಎಣ್ಣೆಗಳ ನಡುವೆ ಸೇಬಿನ ಹೋಳು ತಿಂದು ಬಾಯಿ ಸ್ವಚ್ಛ ಮಾಡಿಕೊಳ್ಳುತ್ತಾರೆ. ಗಂಜಿ ಅದಕ್ಕಿಂತ ಚೆನ್ನಾಗಿ ಆ ಕೆಲಸ ಮಾಡಿತು. ಅನಂತಭಟ್ಟನ ಅಪ್ಪೆ ಅನ್ನುವ ತಳಿಯದು ಮೂರು ವರ್ಷ ಹಳೆಯದು. ಸಿಪ್ಪೆ ಸುಕ್ಕುಗಟ್ಟಿ ಮುದುಡಿತ್ತು. ಕಚ್ಚಿದರೆ ಕರುಂ ಅಂತ ಸದ್ದು, ಒಳಗಿನ ಓಟೆ ಇನ್ನೂ ಎಳೆಯದೇ. ಹುಳಿ ಮೊದಲು ಬರುವುದಿಲ್ಲ. ಮೊದಲು ಉಪ್ಪು, ಆಮೇಲೆ ಸಾಸಿವೆಯ ಘಾಟು, ಅದೆಲ್ಲ ಇಳಿದ ಮೇಲೆ ಸೊನೆಯ ಪರಿಮಳ ಗಂಟಲಿನಿಂದ ಮೂಗಿಗೆ ಏರುತ್ತದೆ. ಮಾಳಂಜಿಯ ಮಿಡಿಯಲ್ಲಿ ಹುಳಿ ಮುಂದೆ. ಚಿಕ್ಕಂದಿನಿಂದ ತಿಂದದ್ದೇ, ಆದರೆ ಹೀಗೆ ಪಕ್ಕಪಕ್ಕ ಇಟ್ಟುಕೊಂಡು ನಾನು ಯಾವತ್ತೂ ತಿಂದಿರಲಿಲ್ಲ.

ದೊಡ್ಡಮ್ಮ ಕ್ರಮ ಹೇಳಿದರು. ಮಿಡಿಯನ್ನು ತೊಟ್ಟಿನ ಸಮೇತವೇ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಕೆಡುತ್ತದೆ. ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ಅದೇ ನೀರು ಬಿಟ್ಟುಕೊಂಡು ಚಿರುಟುತ್ತದೆ. ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ, ಮೆಣಸಿನಕಾಯಿ ಅರೆಯಬೇಕು. ಬೇರೆ ಹನಿ ನೀರು ಸೋಕಬಾರದು. ಎಣ್ಣೆ ಬೇಕಿಲ್ಲ. "ಇದನ್ನೆಲ್ಲ ಎಲ್ಲಾದ್ರೂ ಬರೆದಿಟ್ಟಿದೀರಾ ದೊಡ್ಡಮ್ಮ?" ಅಂದೆ. "ಬರೆಯೋದೇನು? ಕೈಗೆ ಗೊತ್ತಲ್ಲ" ಅಂದರು.

ನಾನು ನೋಟ್‌ಬುಕ್ಕಿನ ಹಾಳೆ ಹರಿದು ಐದು ಚೀಟಿ ಮಾಡಿದೆ. ಯಾವ ಮರ, ಯಾವ ವರ್ಷ, ಯಾವ ಪರಿಮಳ. ಒಂದೊಂದು ಭರಣಿಗೂ ಅಂಟಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ಜೀರಿಗೆ ಮಿಡಿಯ ಚೀಟಿಯ ಮೇಲೆ ಬೆರಳಿಟ್ಟು, "ಇದರ ಕಸಿ ಕಟ್ಟಿದ್ದು ನಿಮ್ಮಜ್ಜ. ಹಳೇ ಮರ ಹೊಳೆಗೆ ಹೋಗೋ ಮುಂಚೆ ಕಡ್ಡಿ ತಂದಿದ್ರು. ಅದನ್ನೂ ಬರಿ" ಅಂದರು. ಬರೆದೆ.

ಅಪ್ಪೆಮಿಡಿಗೆ ಜಿಐ ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹೆಮ್ಮೆಯ ವಿಷಯವೇ. ಆದರೆ ಸಂತೆಯಲ್ಲಿ ಇವತ್ತಿಗೂ ಕೇಳುವುದು ನೂರಕ್ಕೆ ಎಷ್ಟು ಅಂತ ಮಾತ್ರ. ಯಾವ ಮರದ್ದು ಅಂತ ಕೇಳುವವರು ಕಡಿಮೆಯಾಗುತ್ತಿದ್ದಾರೆ. ಕೇಳುವವರಿಲ್ಲದಿದ್ದರೆ, ಹಳ್ಳದ ದಂಡೆಯ ಮರವನ್ನು ಉಳಿಸಿಕೊಳ್ಳುವುದಕ್ಕೆ, ಕೊಂಬೆ ಕಡಿಯದೆ ಹುಷಾರಾಗಿ ಕೊಯ್ಯುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಟ್ಯೂರಿನ್‌ನ ಆ ಅಂಗಡಿಯಲ್ಲಿ ನಾನು ನೋಡಿದ್ದು ಇದನ್ನೇ. ಪಕ್ಕಪಕ್ಕ ಇಟ್ಟು ರುಚಿ ನೋಡಿದವರು ಹೋಗುವಾಗ ಚೌಕಾಸಿ ಮಾಡುವುದಿಲ್ಲ. ಬೆಳೆದವರ ಹೆಸರು ಕೇಳಿ, ಅದೇ ಬಾಟಲಿ ತೆಗೆದುಕೊಂಡು ಹೋಗುತ್ತಾರೆ.

ಶಿವಮೊಗ್ಗದಲ್ಲಿ ಯಾರಾದರೂ ಇದನ್ನು ಶುರು ಮಾಡಬೇಕು ಅಂತ ನನಗೆ ತುಂಬಾ ಆಸೆ. ದೊಡ್ಡ ಬಂಡವಾಳ ಏನೂ ಬೇಡ. ಹತ್ತು ಜನ, ಒಂದು ಉದ್ದನೆಯ ಮೇಜು. ಒಂದು ಸಂಜೆ ತುಡುವೆ, ಹೆಜ್ಜೇನು, ಕೋಲುಜೇನು, ಮಿಸರಿ. ಇನ್ನೊಂದು ಸಂಜೆ ಜೋನಿಬೆಲ್ಲ. ಮತ್ತೊಂದು ಸಂಜೆ ಬರೀ ಅಕ್ಕಿ, ಹೆಗ್ಗೆ ಮತ್ತು ಜೋಳಗದ ಗಂಜಿ ಪಕ್ಕಪಕ್ಕ. ನಾಲ್ಕೈದು ಬಗೆಗಿಂತ ಜಾಸ್ತಿ ಇಡಬಾರದು, ನಾಲಿಗೆ ಸೋಲುತ್ತದೆ. ಸೆಂಟು ಹಾಕಿಕೊಂಡು ಬರಬಾರದು. ಬೆಳೆದವರು, ಜೇನು ಕಿತ್ತವರು ಅಲ್ಲೇ ಕೂತಿರಬೇಕು. ಯಾರಾದರೂ ಮಾಡುವುದಾದರೆ, ಇಲ್ಲಿ ನೋಡಿ ಕಲಿತದ್ದನ್ನೆಲ್ಲ ಹೇಳಿಕೊಡಲು ನಾನು ಸಿದ್ಧ.

ದೊಡ್ಡಮ್ಮ ಕೊಟ್ಟ ಜೀರಿಗೆ ಮಿಡಿಯನ್ನು ಈ ಸಲ ದೊಡ್ಡ ಪೆಟ್ಟಿಗೆಯಲ್ಲೇ ಇಟ್ಟು ತಂದೆ. ಹಿಂದಿನ ಸಲ ಕೈಚೀಲದಲ್ಲಿ ಇಟ್ಟಿದ್ದೆ. ರಸ ಇದೆ, ದ್ರವ ಪದಾರ್ಥ ಅಂತ ತಪಾಸಣೆಯವರು ತೆಗೆದು ಬಿಸಾಡಿದ್ದರು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಯಜಮಾನಿಗೆ ಒಂದು ಮಿಡಿ ಕೊಟ್ಟೆ. ಕಚ್ಚಿ, ಕಣ್ಣು ಮುಚ್ಚಿ, ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಕುಮೀನೊ?" ಅಂದರು. ಇಟಾಲಿಯನ್ನಿನಲ್ಲಿ ಜೀರಿಗೆ ಅಂತ ಅರ್ಥ. ಇದರಲ್ಲಿ ಒಂದು ಕಾಳು ಜೀರಿಗೆಯೂ ಇಲ್ಲ, ಮರದ್ದೇ ಪರಿಮಳ ಅಂದಾಗ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕಥೆ ಕೇಳಿದರು.

ನವೆಂಬರಿನಲ್ಲಿ ಒಂದು ಸಂಜೆ ನನಗೆ ಕೊಟ್ಟಿದ್ದಾರೆ. ಕಡುಬು ಮತ್ತು ಮಿಡಿ. ಹನ್ನೆರಡು ಜನ ಆಗಲೇ ಹೆಸರು ಬರೆಸಿದ್ದಾರೆ. ಅಕ್ಕಿತರಿ ಇಲ್ಲಿ ಸಿಗುವುದಿಲ್ಲ, ವೆರ್ಚೆಲ್ಲಿಯ ಅಕ್ಕಿಯನ್ನೇ ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ಒಡೆದು ನೋಡುತ್ತಿದ್ದೇನೆ. ಎರಡು ಸಲ ಅಂಟಂಟಾಯಿತು, ಇಲ್ಲಿಯ ಅಕ್ಕಿಗೆ ಅಂಟು ಜಾಸ್ತಿ. ನಿನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ತರಿ ಇನ್ನೂ ಸ್ವಲ್ಪ ದಪ್ಪ ಇರ್ಲಿ. ನೀರು ಅರ್ಧ ಲೋಟ ಕಡಿಮೆ ಮಾಡು. ಮತ್ತೆ ಅಕ್ಕಿ ಇನ್ನೊಂದು ಸಲ ತೊಳಿ" ಅಂದಳು. ಭಾನುವಾರ ಮತ್ತೆ ಮಾಡುತ್ತೇನೆ.